ಎಳೆಯ ಮಕ್ಕಳೊಂದಿಗೆ ಬೆಟ್ಟದ ದಾರಿ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಆತ್ಮೀಯ ಓದುಗರಿಗೆ,

ನಮಸ್ಕಾರ. ಆರು ವರ್ಷದ ಮಗಳು, ಹದಿನಾಲ್ಕು ತಿಂಗಳ ಮಗ, ಐದು ದಿನಗಳ ರಜೆ, ಸಮುದ್ರಮಟ್ಟದಿಂದ 2,800 ಮೀಟರ್ ಎತ್ತರದಲ್ಲಿ ಕಾದಿರಿಸಿದ ಕೋಣೆ, ಇವುಗಳ ನಡುವೆ ನೀವು ಸಿಲುಕಿರುವ ಇಕ್ಕಟ್ಟು ನಿಮ್ಮ ಪತ್ರದಿಂದ ಚೆನ್ನಾಗಿ ಅರ್ಥವಾಯಿತು. ನಸುಕಿನಲ್ಲೇ ಹೊರಟು ಸಂಜೆಯೊಳಗೆ ಮೇಲೆ ತಲುಪಿಬಿಡಬೇಕೆಂದು ನಿಮ್ಮ ಪತಿ ಹೇಳುತ್ತಾರೆ. ಮಕ್ಕಳು ದೊಡ್ಡವರಾಗುವವರೆಗೆ ಬೆಟ್ಟದ ಸಹವಾಸವೇ ಬೇಡ ಎಂದು ನಿಮ್ಮ ಅತ್ತೆಯವರು ಹೇಳುತ್ತಾರೆ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ವಾಂತಿ ಮಾಡಿಕೊಳ್ಳುವ ಮಗಳನ್ನು ನೆನೆದು ನಿಮಗೆ ಅಳುಕು. ಹೋಗಬಹುದೇ ಎಂದು ಕೇಳಿದ್ದೀರಿ. ಮಕ್ಕಳು ಆರೋಗ್ಯವಾಗಿದ್ದರೆ ಧಾರಾಳವಾಗಿ ಹೋಗಬಹುದು. ಆದರೆ ಒಂದೇ ದಿನದಲ್ಲಿ ಹತ್ತಬೇಡಿ, ದಾರಿಯಲ್ಲಿ ಒಂದು ರಾತ್ರಿ ತಂಗಿ ಹೋಗಿ ಎಂಬುದು ನನ್ನ ಉತ್ತರ.

ಇದನ್ನು ಕೇವಲ ಆಯಾಸದ ದೃಷ್ಟಿಯಿಂದ ಹೇಳುತ್ತಿಲ್ಲ. 2,800 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಪಾಲಿಗಿಂತಲೂ ಕಡಿಮೆಯಿರುತ್ತದೆ. ಅಂದರೆ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ ಪ್ರಮಾಣದಲ್ಲಿ ಇಳಿದಿರುತ್ತದೆ. ಸುಮಾರು 2,500 ಮೀಟರ್ ದಾಟಿದ ಮೇಲೆ ದೊಡ್ಡವರಲ್ಲೂ ಮಕ್ಕಳಲ್ಲೂ ಎತ್ತರದ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯ. ದೊಡ್ಡವರಾದರೆ ತಲೆನೋವು ಎಂದು ಬಾಯಿಬಿಟ್ಟು ಹೇಳುತ್ತಾರೆ. ನಿಮ್ಮ ಮಗ ಹೇಳಲಾರ. ಹಾಲು ಬೇಡವೆನ್ನುತ್ತಾನೆ, ಆಟದ ಸಾಮಾನು ಕೊಟ್ಟರೂ ರಚ್ಚೆ ನಿಲ್ಲಿಸುವುದಿಲ್ಲ, ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚಿ ಏಳುತ್ತಾನೆ, ವಾಂತಿಯನ್ನೂ ಮಾಡಿಕೊಳ್ಳಬಹುದು. ಇಡೀ ದಿನ ಕಾರಿನಲ್ಲಿ ಕುಳಿತು ಬಳಲಿದ ಮಗುವೂ ಇದನ್ನೆಲ್ಲ ಮಾಡುತ್ತದೆಯಾದ್ದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ವೈದ್ಯರಿಗೂ ಸುಲಭವಲ್ಲ. ಇಂಥ ಲಕ್ಷಣಗಳು ಸಾಮಾನ್ಯವಾಗಿ ಮೇಲೆ ತಲುಪಿದ ಕೆಲವು ಗಂಟೆಗಳ ಬಳಿಕ ಶುರುವಾಗುತ್ತವೆ. ಸಂಜೆ ತಲುಪಿದವರಿಗೆ ಅದು ನಡುರಾತ್ರಿ. ಎತ್ತರದ ಕಾಯಿಲೆಗೆ ನಂಬಬಹುದಾದ ಮೊದಲ ಚಿಕಿತ್ಸೆಯೆಂದರೆ ಕೆಳಕ್ಕೆ ಇಳಿಯುವುದು. ದಿನವಿಡೀ ಗಾಡಿ ಓಡಿಸಿ ಸೋತ ನಿಮ್ಮ ಪತಿ ಕತ್ತಲಲ್ಲಿ, ಅಪರಿಚಿತ ತಿರುವುಗಳಲ್ಲಿ, ಕಾಯಿಲೆಯ ಮಗುವನ್ನು ಕೂರಿಸಿಕೊಂಡು ಇಳಿಯಬೇಕಾದ ಪರಿಸ್ಥಿತಿ ಬರದಂತೆ ನೋಡಿಕೊಳ್ಳಬೇಕಲ್ಲವೇ? 1,500 ಮೀಟರಿನ ಆಸುಪಾಸಿನ ಯಾವುದಾದರೂ ಊರಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಮಧ್ಯಾಹ್ನದೊಳಗೆ ಮೇಲೆ ತಲುಪಿದರೆ ದೇಹಕ್ಕೂ ಹೊಂದಿಕೊಳ್ಳಲು ಸಮಯ ಸಿಗುತ್ತದೆ, ಮಗುವನ್ನು ಹಗಲು ಬೆಳಕಿನಲ್ಲಿ ಗಮನಿಸುವುದಕ್ಕೂ ಅವಕಾಶವಿರುತ್ತದೆ.

ಮೇಲಿನ ಕೋಣೆಯ ಒಂದು ರಾತ್ರಿಯ ಹಣ ಹೋಗುತ್ತದೆ ಎಂಬ ಸಂಕಟ ನಿಮ್ಮ ಪತ್ರದಲ್ಲಿದೆ. ಹೋಗಲಿ ಬಿಡಿ. ಮ್ಯಾಪ್ ತೋರಿಸುವ ಏಳು ಗಂಟೆಯ ಲೆಕ್ಕ ಎಲ್ಲಿಯೂ ನಿಲ್ಲದ ಕಾರಿನದು. ಡೈಪರ್ ಬದಲಿಸುವುದು, ಹಾಲೂಡಿಸುವುದು, ಮಗಳ ಹೊಟ್ಟೆ ತೊಳಸಿದಾಗ ನಿಲ್ಲಿಸುವುದು, ಸುಮ್ಮನೆ ಕಾಲಾಡಿಸುವುದು, ಇವೆಲ್ಲ ಸೇರಿದರೆ ಹತ್ತು ಗಂಟೆಗೆ ಕಡಿಮೆಯಾಗದು. ಎರಡು ಗಂಟೆಗೊಮ್ಮೆಯಾದರೂ ಚಿಕ್ಕವನನ್ನು ಸೀಟಿನಿಂದ ಎತ್ತಿ ಮೈಚಾಚಲು ಬಿಡಬೇಕು. ನಿಲ್ಲುವ ಜಾಗ ತಿರುವಿನ ಅಂಚಾಗಲಿ, ಕಲ್ಲು ಉರುಳುವ ಇಳಿಜಾರಿನ ಬುಡವಾಗಲಿ ಆಗಿರಬಾರದು. ಮುಂಚಿತವಾಗಿ ನೋಡಿಟ್ಟುಕೊಂಡ ಊರು ಅಥವಾ ಅಗಲವಾದ ತಂಗುದಾಣವಾಗಿರಲಿ.

ಇನ್ನು ನಿಮ್ಮ ಮಗಳ ವಾಂತಿಯ ವಿಷಯ. ಅವಳದು ಹಟವೂ ಅಲ್ಲ, ನಾಜೂಕುತನವೂ ಅಲ್ಲ. ದಯವಿಟ್ಟು ಯಾರೂ ಅವಳನ್ನು ಗದರಿಸಬೇಡಿ. ಒಳಕಿವಿಯಲ್ಲಿರುವ ಸಮತೋಲನದ ಅಂಗ ‘ತಿರುಗುತ್ತಿದ್ದೇವೆ, ವಾಲುತ್ತಿದ್ದೇವೆ’ ಎಂದು ಮೆದುಳಿಗೆ ತಿಳಿಸುತ್ತಿರುವಾಗ, ಮುಂದಿನ ಸೀಟಿನ ಬೆನ್ನನ್ನೋ ತೊಡೆಯ ಮೇಲಿನ ಪುಸ್ತಕವನ್ನೋ ನೋಡುತ್ತಿರುವ ಕಣ್ಣು ‘ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ಎರಡು ಸುದ್ದಿಗಳ ತಾಕಲಾಟವೇ ಓಕರಿಕೆಗೆ ಕಾರಣ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು, ಎರಡು ವರ್ಷಕ್ಕಿಂತ ಚಿಕ್ಕವರಲ್ಲಿ ಅಪರೂಪ. ನಿಮ್ಮ ಮಗ ಅದೇ ತಿರುವುಗಳಲ್ಲಿ ಹಾಯಾಗಿ ನಿದ್ರಿಸುವುದಕ್ಕೂ ಇದೇ ಕಾರಣ. ಆದ್ದರಿಂದ ತಿರುವಿನ ದಾರಿಯಲ್ಲಿ ಮಗಳ ಕೈಗೆ ಮೊಬೈಲ್ ಕೊಡಬೇಡಿ. ಹಿಂದಿನ ಸೀಟಿನಲ್ಲಿ, ಗಾಜಿನ ಮೂಲಕ ಮುಂದಿನ ರಸ್ತೆ ಕಾಣುವ ಜಾಗದಲ್ಲಿ ಅವಳನ್ನು ಕೂರಿಸಿ, ದೂರದ ಬೆಟ್ಟದ ಅಂಚನ್ನು ನೋಡುವಂತೆ ಮಾಡಿ, ಕಿಟಕಿಯನ್ನು ಸ್ವಲ್ಪ ಇಳಿಸಿ. ಹೊರಡುವ ಮುನ್ನ ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಂತೆಯೂ ಇರಬಾರದು. ವಾಂತಿಗೆ ಮುಂಚೆ ಮಕ್ಕಳು ಒಮ್ಮೆಗೇ ಮೌನವಾಗುತ್ತಾರೆ, ಆಕಳಿಸುತ್ತಾರೆ, ಮುಖ ಬಿಳಿಚಿಕೊಳ್ಳುತ್ತದೆ, ಬಾಯಲ್ಲಿ ನೀರೂರಿ ಪದೇ ಪದೇ ನುಂಗತೊಡಗುತ್ತಾರೆ. ಹರಟುತ್ತಿದ್ದ ಹುಡುಗಿಯ ಮಾತು ನಿಂತ ಕೂಡಲೇ ನಿಲ್ಲಲು ಜಾಗ ಹುಡುಕಿದರೆ ಅರ್ಧ ಕೆಲಸ ಆದಂತೆ.

ಇದರಲ್ಲಿ ಗಾಡಿ ಓಡಿಸುವವರ ಪಾಲೂ ಬಹಳ ದೊಡ್ಡದು ಎಂಬುದನ್ನು ನಿಮ್ಮ ಪತಿಗೆ ತೋರಿಸಿ. ತಿರುವಿನೊಳಗೆ ನುಗ್ಗಿದ ಮೇಲೆ ಬ್ರೇಕ್ ಒತ್ತಿದರೆ ಹಿಂದೆ ಕುಳಿತ ಮಗುವಿನ ತಲೆ ಒಮ್ಮೆ ಮುಂದಕ್ಕೂ ಒಮ್ಮೆ ಪಕ್ಕಕ್ಕೂ ಓಲಾಡುತ್ತದೆ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ಒಂದೇ ಹದದಲ್ಲಿ ತಿರುಗಿಸಿ, ನೇರವಾದ ಬಳಿಕ ನಿಧಾನವಾಗಿ ವೇಗ ಏರಿಸಿದರೆ ಅದೇ ರಸ್ತೆ ಬೇರೆಯೇ ರಸ್ತೆಯೆನಿಸುತ್ತದೆ. ಓಕರಿಕೆ ತಡೆಯುವ ಔಷಧಿ ಬೇಕೆನಿಸಿದರೆ ಮಕ್ಕಳ ವೈದ್ಯರನ್ನು ಕೇಳಿಯೇ ಕೊಡಿ. ಇಂಥ ಔಷಧಿಗಳಲ್ಲಿ ಕೆಲವು ಎರಡು ವರ್ಷದೊಳಗಿನ ಮಕ್ಕಳಿಗೆ ಅಪಾಯಕಾರಿ, ಆದ್ದರಿಂದ ಅಕ್ಕನ ಔಷಧಿ ತಮ್ಮನಿಗೆ ಬೇಡವೇ ಬೇಡ.

ಪತ್ರದ ಒಂದು ಸಾಲು ನನ್ನನ್ನು ಕಳವಳಕ್ಕೀಡುಮಾಡಿತು. ‘ಚಿಕ್ಕವನು ಅತ್ತರೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ’ ಎಂದು ಬರೆದಿದ್ದೀರಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆಂದು ಇಟ್ಟುಕೊಳ್ಳಿ. ಆ ಕ್ಷಣದಲ್ಲಿ 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರವನ್ನು ಹಿಡಿಯುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಮಗ ಹಿಂದಿನ ಸೀಟಿನಲ್ಲಿ, ಕಾರಿನ ಹಿಂಭಾಗಕ್ಕೆ ಮುಖ ಮಾಡಿರುವ ಮಕ್ಕಳ ಸೀಟಿನಲ್ಲೇ ಕೂರಲಿ. ಈ ವಯಸ್ಸಿನಲ್ಲಿ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಕತ್ತು ಎಳೆಯದು, ಹಿಮ್ಮುಖದ ಸೀಟು ಡಿಕ್ಕಿಯ ಹೊಡೆತವನ್ನು ಇಡೀ ಬೆನ್ನಿಗೆ ಹಂಚುತ್ತದೆ. ಮಗಳಿಗೂ ಅವಳ ಎತ್ತರಕ್ಕೆ ತಕ್ಕ ಮಕ್ಕಳ ಸೀಟೇ ಬೇಕು. ಅಳು ನಿಲ್ಲದಿದ್ದರೆ ಕಾರು ನಿಲ್ಲಿಸಿ ಎತ್ತಿಕೊಳ್ಳಿ. ಚಳಿಯೆಂದು ದಪ್ಪ ಜಾಕೆಟ್ಟಿನ ಮೇಲೆ ಪಟ್ಟಿ ಬಿಗಿಯಬೇಡಿ. ಡಿಕ್ಕಿಯಲ್ಲಿ ಜಾಕೆಟ್ಟು ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ. ತೆಳುವಾದ ಬಟ್ಟೆಯ ಮೇಲೆ ಪಟ್ಟಿ ಬಿಗಿದು, ಆಮೇಲೆ ಹೊದಿಕೆ ಹೊದಿಸಿ.

ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಂತೆ ತಾಪಮಾನ ಇಳಿಯುವುದರಿಂದ ಬೆಚ್ಚನೆಯ ಬಟ್ಟೆ ಕಾರಿನ ಹಿಂಭಾಗದ ಸಾಮಾನಿನ ತಳದಲ್ಲಿರದೆ ಕೈಗೆ ಸಿಗುವಂತಿರಲಿ. ಬಿಸಿಲಿನ ಚುರುಕೂ ಮೇಲೆ ಹೋದಷ್ಟು ಹೆಚ್ಚು, ಟೋಪಿ ಮರೆಯಬೇಡಿ. ಕೆಳಗೆ ಬಿಗಿಯಾಗಿ ಮುಚ್ಚಿದ ಹಾಲಿನ ಬಾಟಲಿಯನ್ನು ಮೇಲೆ ಮಗುವಿನ ಮುಖದ ಎದುರು ತೆರೆಯಬೇಡಿ. ಒಳಗಿನ ಒತ್ತಡಕ್ಕೆ ಹಾಲು ಚಿಮ್ಮುತ್ತದೆ. 2,000 ಮೀಟರ್ ದಾಟಿದ ಮೇಲೆ ನೀರು ಕಡಿಮೆ ತಾಪಮಾನದಲ್ಲೇ ಕುದಿಯುವುದರಿಂದ ಕುಡಿಯುವ ನೀರನ್ನು ಮೂರು ನಿಮಿಷ ಕುದಿಸಬೇಕು.

ಇಷ್ಟು ಚಿಕ್ಕವರಿಗೆ ಏನೂ ನೆನಪಿರುವುದಿಲ್ಲ, ಅವರಿಗೇಕೆ ಈ ಪ್ರವಾಸ ಎಂದು ಅತ್ತೆಯವರು ಕೇಳುತ್ತಾರಂತೆ. ಚಿಕ್ಕವನಿಗೆ ನೆನಪಿರಲಾರದು, ನಿಜ. ಆದರೆ ಮೋಡ ತನ್ನ ಕಾಲ ಕೆಳಗೆ ಹರಿಯುವುದನ್ನು ಕಂಡು ಅವನು ಕೇಕೆ ಹಾಕಿದರೆ ಆ ಹೊತ್ತಿನ ಸಂತೋಷ ಪೂರ್ತಿ ಅವನದೇ. ಎಳೆಯ ಮಕ್ಕಳಿದ್ದಾರೆಂದು ವರ್ಷಗಟ್ಟಲೆ ಮನೆಯಲ್ಲೇ ಉಳಿದ ತಾಯಂದಿರಿಗೂ ಬೆಟ್ಟದ ಗಾಳಿ ಬೇಕು.

ಹಿಂದಿರುಗುವ ದಿನದ ಬಗ್ಗೆ ನೀವು ಏನನ್ನೂ ಕೇಳಿಲ್ಲ. ಆದರೆ ಇಳಿಯುವಾಗಲೇ ಮಕ್ಕಳ ಕಿವಿಗೆ ಹೆಚ್ಚು ತೊಂದರೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಕೊಳವೆ ಮಕ್ಕಳಲ್ಲಿ ಕಿರಿದಾಗಿರುವುದರಿಂದ, ಹೊರಗಿನ ಒತ್ತಡ ಹೆಚ್ಚುತ್ತ ಹೋದಂತೆ ಕಿವಿಪೊರೆ ಒಳಕ್ಕೆ ಸೆಳೆದು ನೋಯುತ್ತದೆ. ನೆಗಡಿಯಿದ್ದರೆ ನೋವು ಇನ್ನೂ ಹೆಚ್ಚು. ನುಂಗಿದಾಗ ಆ ಕೊಳವೆ ತೆರೆದುಕೊಳ್ಳುತ್ತದೆ. ಹಾಗಾಗಿ ನಡುನಡುವೆ ಕಾರು ನಿಲ್ಲಿಸಿ ಮಗನಿಗೆ ಹಾಲೂಡಿಸಿ, ಮಗಳಿಗೆ ಗುಟುಕು ಗುಟುಕಾಗಿ ನೀರು ಕುಡಿಸಿ. ನಿಮ್ಮ ಪತಿ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಬರಲಿ. ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಕೊನೆಯದಾಗಿ, ಹೊರಡುವ ಮುಂಚೆಯೇ ನೀವಿಬ್ಬರೂ ಕುಳಿತು ಒಂದು ಒಪ್ಪಂದಕ್ಕೆ ಬನ್ನಿ. ಮಗುವಿನ ಉಸಿರಾಟ ಅಥವಾ ಲವಲವಿಕೆಯಲ್ಲಿ ಏರುಪೇರು ಕಂಡರೆ, ಮಂಜು ದಟ್ಟವಾದರೆ, ಮಳೆಗೆ ಗುಡ್ಡ ಕುಸಿದಿದೆಯೆಂಬ ಸುದ್ದಿ ಬಂದರೆ, ಇಬ್ಬರಲ್ಲಿ ಯಾರಾದರೊಬ್ಬರು ‘ಸಾಕು’ ಎಂದರೂ ಪ್ರಯಾಣ ಅಲ್ಲಿಗೇ ನಿಲ್ಲಬೇಕು, ಇನ್ನೊಬ್ಬರು ವಾದಿಸಬಾರದು. ಮಧ್ಯದ ಊರಿನಲ್ಲೂ ಮೇಲಿನ ಊರಿನಲ್ಲೂ ಮಕ್ಕಳನ್ನು ನೋಡುವ ಆಸ್ಪತ್ರೆ ಎಲ್ಲಿದೆಯೆಂದು ತಿಳಿದು, ಫೋನ್ ಸಂಖ್ಯೆಯನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಬೆಟ್ಟದ ಮರೆಯಲ್ಲಿ ನೆಟ್‌ವರ್ಕ್ ಸಿಗದೆ ಹೋಗಬಹುದು. ಮಧ್ಯದ ಊರಿನ ಕೋಣೆಯನ್ನು ಈ ವಾರವೇ ಕಾದಿರಿಸಿ.

ಇಂತಿ,
ಸಂಪಾದಕ