ಜೂಜಿನ ಯಂತ್ರದ ತೆರಿಗೆ, ಊರಿನ ಕಬಡ್ಡಿ

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಜೂಜಿನ ಯಂತ್ರದ ಹಣ ಊರಿನ ಆಟಕ್ಕೆ ಹೋಗುತ್ತದಂತೆ. ಗೋವಾ ಕ್ಯಾಸಿನೊ ತೆರಿಗೆಯಿಂದ ನಮ್ಮ ಕಬಡ್ಡಿ ತಂಡಕ್ಕೆ ಏನಾದರೂ ಸಿಕ್ಕೀತೇ? (ಓದುಗರು, ಕಾರವಾರ)

ಉತ್ತರ: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕ್ಲಬ್ಬಿನ ಯಂತ್ರಲಾಭ 10 ಲಕ್ಷ ಡಾಲರ್ ದಾಟಿದರೆ, ದಾಟಿದ ಮೊತ್ತದ 1.85 ಪ್ರತಿಶತದವರೆಗೆ ಸಮಾಜಕ್ಕೆ ಕೊಟ್ಟಷ್ಟೂ ತೆರಿಗೆ ವಿನಾಯಿತಿ. ಲಾಭ 30 ಲಕ್ಷವಾದರೆ 37,000 ಡಾಲರ್. ಆದರೆ ಲಾಭವೆಂದರೆ ಆಡಿದವರು ಕಳೆದುಕೊಂಡ ದುಡ್ಡು. ಮಕ್ಕಳ ಚೆಂಡಿನ ಹಿಂದೆ ಯಾರದೋ ಮನೆಯ ಸಂಬಳವಿರುತ್ತದೆ. ಜೂಜು ಇಳಿದ ವರ್ಷ ನೆರವೂ ಇಳಿಯುತ್ತದೆ.

ಮಾಜಾಳಿಯಾಚೆ, ಗೋವಾದ ಕ್ಯಾಸಿನೊಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 40 ಪ್ರತಿಶತ. ಅದು ಬೊಕ್ಕಸಕ್ಕೆ, ನಿಮಗಲ್ಲ. ನಿಮ್ಮ ದಾರಿ ಬೇರೆ: ಕನಿಷ್ಠ ಏಳು ಜನ ಸೇರಿ ಸಂಘ ನೋಂದಾಯಿಸಿ, ಪ್ರತಿವರ್ಷ ಆಡಿಟ್ ಮಾಡಿಸಿ, ಆದಾಯ ತೆರಿಗೆ ಇಲಾಖೆಯ ದತ್ತಿ ಸಂಸ್ಥೆ ನೋಂದಣಿ (12ಎ, 80ಜಿ) ಪಡೆದು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಹಣಕ್ಕೆ ಬೇಕಾದ ಅರ್ಜಿ ಸಿಎಸ್‌ಆರ್-1 ಸಲ್ಲಿಸಿ. ಗ್ರಾಮೀಣ ಕ್ರೀಡಾ ತರಬೇತಿ ಕಂಪನಿಗಳ ಸಿಎಸ್‌ಆರ್ ಪಟ್ಟಿಯಲ್ಲೇ ಇದೆ.