ಫೋಟೊ ಪ್ರಶ್ನೋತ್ತರ: ಚೌತಿಯ ಮಂಟಪ, ತೊಡದೇವಿನ ಗಡಿಗೆ, ಕಾರವಾರದ ಕಡಲು

ಮನೆಯ ಹಬ್ಬ, ಅಡುಗೆ ಮತ್ತು ತಿರುಗಾಟದ ಚಿತ್ರಗಳ ಬಗ್ಗೆ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಮೊಬೈಲಿನಲ್ಲೇ ಚಿತ್ರ ತೆಗೆಯುವವರು. ಹಾಗಾಗಿ ಉತ್ತರವೂ ಮೊದಲು ಮೊಬೈಲಿಗೆ, ಬೇಕಾದಲ್ಲಿ ಕ್ಯಾಮೆರಾಕ್ಕೆ.

ಪ್ರಶ್ನೆ: ಚೌತಿಯಲ್ಲಿ ಮಂಗಳಾರತಿಯ ಹೊತ್ತಿಗೆ ತೆಗೆದ ಚಿತ್ರಗಳಲ್ಲಿ ಗಣಪತಿ ಬಿಳಿಚಿಕೊಳ್ಳುತ್ತಾನೆ, ಆರತಿ ಎತ್ತುವವರ ಮುಖ ಕಪ್ಪಾಗುತ್ತದೆ. ನಮ್ಮದು ಹಳೆಯ ಮನೆ, ಕಿಟಕಿ ಸಣ್ಣವು. ಫ್ಲ್ಯಾಶ್ ಹಾಕಿದರೆ ಇನ್ನೂ ಕೆಡುತ್ತದೆ. ಏನು ಮಾಡಬೇಕು? (ಸಿದ್ದಾಪುರದ ಓದುಗರು)

ಮಂಟಪಕ್ಕೆ ಸುತ್ತಿದ ಸೀರಿಯಲ್ ದೀಪ ಮತ್ತು ಮೂರ್ತಿಯ ನೆತ್ತಿಯ ಮೇಲೆ ಬಿಟ್ಟ ಎಲ್‌ಇಡಿ ಬಲ್ಬು ಇದಕ್ಕೆ ಕಾರಣ. ಆ ಮೂಲೆಯಲ್ಲಿ ಬೆಳಕು ಹೆಚ್ಚು, ನಾಲ್ಕು ಅಡಿ ಈಚೆ ನಿಂತವರ ಮೇಲೆ ಬೆಳಕೇ ಇಲ್ಲ. ಇಷ್ಟು ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಕ್ಯಾಮೆರಾಕ್ಕೆ ಕಷ್ಟ. ಹಾಗಾಗಿ ಪೂಜೆ ಶುರುವಾಗುವ ಮೊದಲೇ ಬೆಳಕನ್ನು ಹಂಚಬೇಕು. ಮೂರ್ತಿಯ ಮೇಲಿನ ಬಲ್ಬನ್ನು ಆರಿಸಿ. ಜನ ನಿಲ್ಲುವ ಕಡೆ, ನಿಮ್ಮ ಪಕ್ಕಕ್ಕೆ, 9 ವ್ಯಾಟಿನ ಹಳದಿ ಎಲ್‌ಇಡಿ ಬಲ್ಬೊಂದನ್ನು ಗೋಡೆಯತ್ತ ತಿರುಗಿಸಿ ಇಡಿ. ಸುಣ್ಣ ಬಳಿದ ಗೋಡೆಗೆ ಬಡಿದು ಬರುವ ಬೆಳಕು ಮೆತ್ತಗಿರುತ್ತದೆ, ಮುಖದ ಮೇಲೆ ಗೆರೆ ಮೂಡಿಸುವುದಿಲ್ಲ. ನಡುಮನೆಯ ಟ್ಯೂಬ್‌ಲೈಟ್ ಬೇಡವೇ ಬೇಡ. ಒಂದು ಕೆನ್ನೆ ದೀಪದ ಹಳದಿ, ಇನ್ನೊಂದು ಟ್ಯೂಬಿನ ನೀಲಿ ಆಗಿಬಿಟ್ಟರೆ ಆಮೇಲೆ ತಿದ್ದುವುದು ಬಹಳ ಕಷ್ಟ.

ಫ್ಲ್ಯಾಶನ್ನು ನೇರವಾಗಿ ಹೊಡೆದರೆ ದೀಪದ ಬೆಳಕು ಅಡಗಿಹೋಗುತ್ತದೆ, ಮೇಲೆ ಕಟ್ಟಿದ ಹಣ್ಣು-ಕಾಯಿಗಳ ಫಲಾವಳಿಯ ನೆರಳು ಹಿಂದಿನ ಗೋಡೆಗೆ ಬಡಿಯುತ್ತದೆ. ಕ್ಯಾಮೆರಾದ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಬಹುದಲ್ಲ ಎಂದರೆ, ಹಳೆಯ ಮನೆಗಳಲ್ಲಿ ಮೇಲಿರುವುದು ಹೊಗೆ ಹಿಡಿದ ಹಲಗೆ. ಅದು ಬೆಳಕನ್ನು ನುಂಗಿ, ಉಳಿದಿದ್ದನ್ನು ಕಂದು ಬಣ್ಣದಲ್ಲಿ ಕೊಡುತ್ತದೆ. ಅಂಥಲ್ಲಿ ಇಬ್ಬರು ಬಿಳಿ ಪಂಚೆಯೊಂದನ್ನು ಬಿಡಿಸಿ ಹಿಡಿದು, ಅದಕ್ಕೆ ಫ್ಲ್ಯಾಶ್ ಬಡಿಯುವಂತೆ ಮಾಡಿದರೆ ಸರಿಹೋಗುತ್ತದೆ.

ಇನ್ನು ಮೊಬೈಲಿನ ವಿಷಯ. ನೈಟ್ ಮೋಡ್ ಬಂದ್ ಮಾಡಿ. ಅದು ಒಂದೆರಡು ಸೆಕೆಂಡಿನ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ. ಆರತಿ ತಟ್ಟೆ ಸುತ್ತುತ್ತಿರುವಾಗ ಕೈ ಕಲಸಿಹೋಗುವುದು ಅದರಿಂದಲೇ. ಪರದೆಯಲ್ಲಿ ಜ್ವಾಲೆಯನ್ನು ಮುಟ್ಟಬೇಡಿ, ಆರತಿ ಎತ್ತುವವರ ಮುಖವನ್ನು ಮುಟ್ಟಿ ಒತ್ತಿ ಹಿಡಿಯಿರಿ. ಬೆಳಕಿನ ಅಳತೆ ಅಲ್ಲಿಗೇ ನಿಂತ ಮೇಲೆ ಬೆರಳನ್ನು ತುಸು ಕೆಳಕ್ಕೆ ಎಳೆದು ಬೆಳಕು ಇಳಿಸಿ. ಪ್ರೊ ಮೋಡ್ (ಅಳತೆಗಳನ್ನು ನಾವೇ ಇಡುವ ವಿಧಾನ) ಇದ್ದರೆ ಶಟರ್ (ಬೆಳಕು ಒಳಬಿಡುವ ಹೊತ್ತು) 1/100 ಸೆಕೆಂಡು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ 1600, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಾಣಿಕೆ) 3000 ಕೆಲ್ವಿನ್ ಆಸುಪಾಸು ಇಟ್ಟುಕೊಳ್ಳಿ. 1/100 ಯಾಕೆಂದರೆ ನಮ್ಮ ವಿದ್ಯುತ್ತು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಅದಕ್ಕಿಂತ ವೇಗದ ಶಟರ್ ಇಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ.

ಆರತಿ ಎತ್ತುವವರ ಬೆನ್ನ ಹಿಂದೆ ನಿಂತರೆ ಬೆನ್ನೇ ಸಿಗುತ್ತದೆ. ಮಂಟಪದ ಪಕ್ಕಕ್ಕೆ ಬನ್ನಿ. ದೀಪದ ಬೆಳಕು ಮುಖಕ್ಕೆ ಬಡಿಯುವುದು ಅಲ್ಲಿಂದ ಕಾಣುತ್ತದೆ. ಕರ್ಪೂರ ಹತ್ತಿದ ಕೂಡಲೇ ಕ್ಲಿಕ್ಕಿಸದೆ, ಜ್ವಾಲೆ ತುಸು ಇಳಿದ ಮೇಲೆ ತೆಗೆಯಿರಿ. ಫಲಾವಳಿಯನ್ನಂತೂ (ಕಾರವಾರದ ಕಡೆ ಮಾಟೋಳಿ) ಬೆಳಗಿನ ಪೂಜೆಗೆ ಮೊದಲೇ, ಬಾಗಿಲು ಪೂರ್ತಿ ತೆರೆದು, ನೆಲಕ್ಕೆ ಕುಳಿತು ಬೇರೆಯೇ ತೆಗೆದಿಡಿ. ಅಡಿಕೆ ಗೊನೆ, ಹಾಗಲ, ಸೌತೆಗಳ ಬಣ್ಣ ಆಗ ಇದ್ದಂತೆ ಮಾರನೇ ದಿನ ಇರುವುದಿಲ್ಲ.

ಪ್ರಶ್ನೆ: ಆಯಿ ತೊಡದೇವು ಮಾಡುವುದನ್ನು ಹಂತಹಂತವಾಗಿ ಚಿತ್ರ ತೆಗೆದಿಡಬೇಕೆಂದಿದ್ದೇನೆ. ಹೋದ ವರ್ಷದ ಚಿತ್ರಗಳೆಲ್ಲ ಮಂಜು ಕವಿದಂತೆ ಬಂದಿವೆ, ತೊಡದೇವು ತಿಂಡಿಯಂತೆ ಕಾಣುವುದೇ ಇಲ್ಲ. (ಶಿರಸಿಯ ಓದುಗರು)

ಒಳ್ಳೆಯ ಕೆಲಸ ಹಿಡಿದಿದ್ದೀರಿ. ಬಾಯಲ್ಲಿ ಹೇಳಿ ತಿಳಿಸಲಾಗದ ಕೈಚಳಕ ಇದರಲ್ಲಿದೆ, ಆದ್ದರಿಂದ ಚಿತ್ರಗಳು ನಿಧಾನವಾಗಿ, ಸರಿಯಾಗಿ ಆಗಲಿ.

ಮಂಜಿಗೆ ಮೊದಲ ಕಾರಣ ಲೆನ್ಸಿನ ಮೇಲೆ ಕೂತ ಎಣ್ಣೆ. ಒಲೆಯ ಹತ್ತಿರ ಮೊಬೈಲ್ ಹಿಡಿದರೆ ಐದೇ ನಿಮಿಷದಲ್ಲಿ ತೆಳ್ಳಗೆ ಜಿಡ್ಡು ಹತ್ತುತ್ತದೆ. ಸೆರಗು, ಅಂಗಿಯ ತುದಿಯಲ್ಲಿ ಒರೆಸಿದರೆ ಅದು ಹರಡುತ್ತದೆ ಅಷ್ಟೆ. ಒಗೆದ ಹತ್ತಿಬಟ್ಟೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಆಗಾಗ ಒರೆಸಿ. ಗಡಿಗೆಯಿಂದ ಎರಡು ಮೂರು ಅಡಿ ದೂರ ನಿಂತು 2 ಪಟ್ಟು ಜೂಮ್ ಮಾಡಿದರೆ ಆವಿ ಲೆನ್ಸಿಗೆ ಬಡಿಯುವುದಿಲ್ಲ. ಎರಡನೆಯದು ಕಟ್ಟಿಗೆಯ ಹೊಗೆ. ಒಲೆ ಹತ್ತಿದ ಹೊಸತರಲ್ಲಿ ತೆಗೆಯಬೇಡಿ, ಕೆಂಡ ಕೂರಲಿ.

ಬೆಳಕು ಎಲ್ಲಿಂದ ಬರಬೇಕೆಂಬುದನ್ನು ತೊಡದೇವೇ ಹೇಳುತ್ತದೆ. ಅಕ್ಕಿ ಹಿಟ್ಟು, ಕಬ್ಬಿನ ಹಾಲು ಸೇರಿದ ಆ ಹಾಳೆ ಕಾಗದಕ್ಕಿಂತ ದಪ್ಪವಿರುವುದಿಲ್ಲ, ಬೆಳಕು ಅದರೊಳಗೆ ಹಾಯುತ್ತದೆ. ಎದುರಿನಿಂದ ಬೆಳಕು ಬಿದ್ದರೆ ಕಂದು ಬಣ್ಣದ ಚೂರು ಮಾತ್ರ ಕಾಣುತ್ತದೆ. ಹಿಂದಿನಿಂದ ಬಿದ್ದರೆ ಹಾಳೆ ಹೊನ್ನಿನ ಬಣ್ಣಕ್ಕೆ ತಿರುಗಿ, ಹಿಡಿದ ಬೆರಳಿನ ನೆರಳೂ ಅದರ ಮೇಲೆ ಮೂಡುತ್ತದೆ. ಆದ್ದರಿಂದ ಆಯಿಯ ಹಿಂದೆ ಅಥವಾ ಓರೆಗೆ ತೆರೆದ ಬಾಗಿಲು ಇರುವಂತೆ ಒಲೆ ಹೂಡಿ, ನೀವು ಎದುರಿಗೆ ಕುಳಿತುಕೊಳ್ಳಿ. ಹಿಂದಿನ ಬೆಳಕಿನಲ್ಲೇ ಆವಿಯೂ ಕಾಣುವುದು. ಆದರೆ ಆವಿಯ ಹಿಂದೆ ಕಪ್ಪು ಗೋಡೆಯೋ ಮಬ್ಬು ಮೂಲೆಯೋ ಇರಬೇಕು, ಬಿಳಿ ಗೋಡೆ ಇದ್ದರೆ ಆವಿ ಅದರಲ್ಲೇ ಕಳೆದುಹೋಗುತ್ತದೆ.

ಮುಖ್ಯ ಘಟ್ಟಗಳು ಮೂರು. ಬೋರಲು ಹಾಕಿದ ಗಡಿಗೆಯ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಎಳೆಯುವ ಕ್ಷಣ ಮೊದಲನೆಯದು. ಕೈ ಬಹಳ ಬೇಗ ಓಡುತ್ತದೆ, ಶಟರ್ 1/250 ಬೇಕು, ಒಂದೇ ಸಮ ಹತ್ತು ಚಿತ್ರ ತೆಗೆಯುವ ಬರ್ಸ್ಟ್ ಬಳಸಿ. ಗಡಿಗೆ ಕಪ್ಪಗಿರುವುದರಿಂದ ಕ್ಯಾಮೆರಾ ಮೋಸ ಹೋಗಿ ಬೆಳಕು ಏರಿಸುತ್ತದೆ, ಹಿಟ್ಟು ಸುಣ್ಣದಂತೆ ಬಿಳಿಯಾಗುತ್ತದೆ. ಅಲ್ಲಿ ಎಕ್ಸ್‌ಪೋಶರ್ ಒಂದು ಮೆಟ್ಟಿಲು ಇಳಿಸಿ. ಎರಡನೆಯದು ಹಾಳೆ ಎಬ್ಬಿಸಿ ಎತ್ತುವಾಗ. ಇಲ್ಲಿ ಪರದೆಯಲ್ಲಿ ಹಾಳೆಯನ್ನೇ ಮುಟ್ಟಿ ಫೋಕಸ್ ಮಾಡಿ, ಇಲ್ಲವಾದರೆ ಹಿಂದಿನ ಬಾಗಿಲಿಗೆ ಫೋಕಸ್ ಹೋಗುತ್ತದೆ. ಮೂರನೆಯದು ತುಪ್ಪ ಸವರಿ ಮಡಚುವುದು. ಬೇಗ ಆರಿ ಗರಿಗರಿಯಾಗುವ ವಸ್ತು, "ಸ್ವಲ್ಪ ನಿಲ್ಲು" ಎಂದು ಆಯಿಗೆ ಹೇಳಿದರೆ ಮುರಿದೇ ಹೋಗುತ್ತದೆ. ಮಡಚುವ ಚಿತ್ರ ತಪ್ಪಿದರೆ ಮುಂದಿನ ಹಾಳೆಗೆ ಕಾಯಿರಿ, ಕೈಯನ್ನು ತಡೆಯಬೇಡಿ.

ಬಾಳೆಎಲೆ ಊಟದ ಬಗ್ಗೆಯೂ ಇದೇ ಪತ್ರದಲ್ಲಿ ಕೇಳಿದ್ದೀರಿ. ಎಲೆಯ ಚಿತ್ರಕ್ಕೆ ನೇರ ಮೇಲಿನಿಂದ, ಬಟ್ಟಲಿನ ಸಾರು, ಹುಳಿಗೆ 45 ಡಿಗ್ರಿ ಓರೆಯಿಂದ. ನೀರು ಚಿಮುಕಿಸಿದ ಎಲೆ ಮೇಲಿನ ದೀಪವನ್ನೆಲ್ಲ ಹೊಳೆಯಿಸುತ್ತದೆ, ಒಣಬಟ್ಟೆಯಿಂದ ಒರೆಸಿ, ದೀಪ ಆರಿಸಿ, ಜಗಲಿಯ ಬೆಳಕಿಗೆ ತನ್ನಿ. ಅನ್ನ ಬಿಳಿಚಿಕೊಳ್ಳದಂತೆ ಬೆಳಕು ಸ್ವಲ್ಪ ಇಳಿಸಿ. ತಂಬುಳಿ ಬಿಳಿ ಪಿಂಗಾಣಿಯಲ್ಲಿ ಕಾಣುವುದೇ ಇಲ್ಲ, ಕಂಚಿನ ಬಟ್ಟಲಿಗೆ ಹಾಕಿ, ಒಗ್ಗರಣೆಯನ್ನು ಚಿತ್ರ ತೆಗೆಯುವ ಹೊತ್ತಿಗೇ ಮೇಲೆ ಬಿಡಿ. ಹುರಿದ ಬಂಗಡೆಗೂ ಇದೇ ಮಾತು: ಬಾಣಲೆಯಿಂದ ತೆಗೆದ ಎರಡು ಮೂರು ನಿಮಿಷದ ಹೊಳಪು ಆಮೇಲೆ ಬಾರದು.

ಪ್ರಶ್ನೆ: ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಮನೆಯವರನ್ನು ನಿಲ್ಲಿಸಿ ತೆಗೆದರೆ ಎಲ್ಲರೂ ನೆರಳಿನಂತೆ ಕಪ್ಪು. (ಕಾರವಾರದ ಓದುಗರು)

ನಮ್ಮ ಕಡಲು ಪಡುವಣಕ್ಕಿದೆ, ಸಂಜೆ ಸೂರ್ಯ ಅವರ ಬೆನ್ನ ಹಿಂದಿರುತ್ತಾನೆ. ಮುಖವೂ ಕಡಲೂ ಎರಡೂ ಬೇಕೆಂದರೆ ಬೆಳಿಗ್ಗೆ ಹೋಗಿ. ಪೂರ್ವದ ಗುಡ್ಡ ದಾಟಿ ಬಿಸಿಲು ಮರಳಿಗೆ ಇಳಿದ ಮೇಲಿನ ಒಂದು ತಾಸು ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ, ನೀರೂ ನೀಲಿಯಾಗಿ ಬರುತ್ತದೆ. ಸಂಜೆಯೇ ಬೇಕೆಂದರೆ ಸೂರ್ಯ ಮುಳುಗುವವರೆಗೆ ಕಾದು, ಆಮೇಲಿನ ಹತ್ತು ನಿಮಿಷದಲ್ಲಿ ತೆಗೆಯಿರಿ, ಇಲ್ಲವೇ ಎಂಟು ಹತ್ತು ಅಡಿಯೊಳಗೆ ನಿಂತು ಫ್ಲ್ಯಾಶ್ ಹಾಕಿ. ಕಡಲಿನ ಗೆರೆ ಓರೆಯಾಗದಿರಲು ಪರದೆಯಲ್ಲಿ ಗ್ರಿಡ್ ಹಾಕಿಕೊಳ್ಳಿ. ಆ ಗೆರೆ ಯಾರ ಕುತ್ತಿಗೆಯನ್ನೂ ದಾಟಿ ಹೋಗದಿರಲಿ.

ಅರ್ಗಾದ ನೌಕಾನೆಲೆ, ಕೈಗಾ ಅಣುಸ್ಥಾವರದ ಆಸುಪಾಸು ಚಿತ್ರ ತೆಗೆಯಬೇಡಿ, ಡ್ರೋನ್ ಅಂತೂ ಹಾರಿಸಲೇಬೇಡಿ. ತೀರದಲ್ಲಿರುವ ಐಎನ್‌ಎಸ್ ಚಾಪಲ್ ವಸ್ತುಸಂಗ್ರಹಾಲಯದ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆಯಬಹುದು.

ಪ್ರಶ್ನೆ: ಮಳೆಗಾಲ ಮುಗಿದು ಕ್ಯಾಮೆರಾ ಹೊರತೆಗೆದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಗೆರೆಗಳು. ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲೇ ಇಟ್ಟಿದ್ದೆ. (ಅಂಕೋಲಾದ ಓದುಗರು)

ಅದು ಬೂಷ್ಟು. ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಕಪಾಟಿನಲ್ಲಿ ಗಾಳಿ ಆಡುವುದಿಲ್ಲ, ಕತ್ತಲು ಬೇರೆ. ಬೂಷ್ಟಿಗೆ ಬೇಕಾದುದೆಲ್ಲ ಅಲ್ಲಿತ್ತು. ಗಾಳಿಯ ತೇವ ಶೇ 60 ದಾಟಿದರೆ ಅದು ಬೆಳೆಯಬಲ್ಲದು, ನಮ್ಮ ಕರಾವಳಿಯ ಮಳೆಗಾಲದಲ್ಲಿ ಶೇ 80ರ ಮೇಲಿರುವುದೇ ಸಾಮಾನ್ಯ. ಒಳಗಿನ ಗಾಜಿಗೆ ಹತ್ತಿದ್ದನ್ನು ರಿಪೇರಿಯವರೇ ಬಿಚ್ಚಿ ತೊಳೆಯಬೇಕು. ತಡಮಾಡಿದರೆ ಗಾಜಿನ ಲೇಪವನ್ನೇ ಅದು ತಿನ್ನುತ್ತದೆ, ಆಗ ತೊಳೆದರೂ ಕಲೆ ಉಳಿಯುತ್ತದೆ. ಲೆನ್ಸನ್ನು ಬಿಸಿಲಿಗಿಟ್ಟರೆ ಬೂಷ್ಟು ಹೋಗುವುದಿಲ್ಲ, ಬಿಸಿಲು ಒಳಗೆ ಕೇಂದ್ರೀಕರಿಸಿ ಬೇರೆ ಭಾಗ ಸುಡಬಹುದು.

ಮುಂದಿನ ಮಳೆಗಾಲಕ್ಕೆ ರಬ್ಬರ್ ಅಂಚಿನ, ಗಾಳಿಯಾಡದ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ 200 ಗ್ರಾಂ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ಗ್ರೀಸ್, ರಬ್ಬರ್ ಒಣಗುತ್ತವೆ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ತೇವ ಹೀರಿ ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ತಾಸು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಲವಣ ಇರುತ್ತದೆ, ಅಡುಗೆಮನೆಗೆ ತರಬೇಡಿ. ಅಕ್ಕಿಯಲ್ಲಿ ಹೂತಿಡುವ ಉಪಾಯವನ್ನು ಬಿಟ್ಟುಬಿಡಿ, ಅದರ ಹಿಟ್ಟು ಸಂದುಗಳಿಗೆ ಸೇರುತ್ತದೆ.

ಕಡಲಿನಿಂದ ಬಂದ ದಿನ ಲೆನ್ಸನ್ನು ನೇರ ಒರೆಸಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಗಾಳಿ ಊದುವ ರಬ್ಬರ್ ಬುರುಡೆ, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಕೊನೆಗೆ ಒಣಬಟ್ಟೆ.

ಪ್ರಶ್ನೆ: ಮದುವೆಯ ಶಾಮಿಯಾನದಡಿ ತೆಗೆದ ನಲವತ್ತು ಜನರ ಚಿತ್ರದಲ್ಲಿ ಎಲ್ಲರ ಮುಖವೂ ಕೆಂಪು. ತುದಿಯಲ್ಲಿದ್ದವರು ದಪ್ಪ ಕಾಣುತ್ತಾರೆ. (ಹೊನ್ನಾವರದ ಓದುಗರು)

ಬಿಸಿಲು ಕೆಂಪು ಬಟ್ಟೆಯ ಮೂಲಕ ಸೋಸಿ ಬಂದಿದೆ. ಎಲ್ಲರನ್ನೂ ಶಾಮಿಯಾನದ ಅಂಚಿಗೆ ಕರೆದು, ಆಕಾಶದತ್ತ ಮುಖ ಮಾಡಿಸಿ. ಸೋಗೆ ಚಪ್ಪರವಾದರೂ ಹಾಗೆಯೇ, ಇಲ್ಲದಿದ್ದರೆ ಮುಖದ ಮೇಲೆಲ್ಲ ಬಿಸಿಲಿನ ಚುಕ್ಕೆ. ದಪ್ಪ ಕಾಣಿಸಿದ್ದು ಮೊಬೈಲಿನ 0.6 ಎಂಬ ಅಗಲ ನೋಟದ ಲೆನ್ಸಿನಿಂದ, ಅದು ಅಂಚನ್ನು ಹಿಗ್ಗಿಸುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ 1ರಲ್ಲಿ ತೆಗೆಯಿರಿ. ಚಾಪೆ, ಕುರ್ಚಿ, ನಿಂತವರು, ಬೆಂಚಿನ ಮೇಲಿನವರು ಎಂದು ನಾಲ್ಕು ಸಾಲು ಮಾಡಿ, ಹಿರಿಯರನ್ನು ಕುರ್ಚಿಯಲ್ಲಿ ಮೊದಲು ಕೂರಿಸದೆ ಕೊನೆಗೆ ಕೂರಿಸಿ, ಕಾಯಿಸಿದಂತಾಗುವುದಿಲ್ಲ. ಕ್ಯಾಮೆರಾದಲ್ಲಾದರೆ ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಶಟರ್ 1/125, ಫೋಕಸ್ ಎರಡನೇ ಸಾಲಿಗೆ. ಕಣ್ಣು ಮುಚ್ಚುವವರು ಇದ್ದೇ ಇರುತ್ತಾರೆ, ಹತ್ತು ಹನ್ನೆರಡು ಚಿತ್ರಕ್ಕೆ ಕಡಿಮೆ ಬೇಡ.

ಪ್ರಶ್ನೆ: ಮಾಗೋಡು, ಉಂಚಳ್ಳಿ ಜಲಪಾತಗಳಲ್ಲಿ ನೀರು ಹಾಲಿನಂತೆ ಬರಬೇಕು, ಮನೆಯವರೂ ಇರಬೇಕು. ಸಾಧ್ಯವೇ? (ಯಲ್ಲಾಪುರದ ಓದುಗರು)

ಒಂದೇ ಚಿತ್ರದಲ್ಲಿ ಕಷ್ಟ. ನೀರಿಗೆ ಶಟರ್ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು ಬೇಕು, ಅಷ್ಟು ಹೊತ್ತು ಮಕ್ಕಳು ಅಲುಗದೆ ನಿಲ್ಲುವುದಿಲ್ಲ. ಟ್ರೈಪಾಡ್ ಕದಲಿಸದೆ ಜನರಿಗೆ 1/125ರಲ್ಲಿ ಒಂದು, ನೀರಿಗೆ ನಿಧಾನದ ಇನ್ನೊಂದು ತೆಗೆದು ಆಮೇಲೆ ಸೇರಿಸಿ. ಹಗಲಲ್ಲಿ ಎನ್‌ಡಿ 64 ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿದರೆ 1/60 ಇದ್ದದ್ದು ಸುಮಾರು ಒಂದು ಸೆಕೆಂಡಾಗುತ್ತದೆ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಜೋರು ಮಳೆಯಲ್ಲಿ ಮಂಜು ಕವಿದು ಏನೂ ಕಾಣದೆ ಹೋಗಬಹುದು, ಮಳೆ ಇಳಿದ ಮೇಲೆ ಹೋಗಿ. ಚಿತ್ರಕ್ಕಾಗಿ ಕಟಾಂಜನ ದಾಟಿ ಪಾಚಿ ಕಟ್ಟಿದ ಬಂಡೆಗೆ ಯಾರನ್ನೂ ಇಳಿಸಬೇಡಿ.

ಪ್ರಶ್ನೆ: ಅಜ್ಜನ ಕಾಲದ ಆಲ್ಬಮ್ಮಿನಲ್ಲಿ ಚಿತ್ರಗಳು ಪುಟಕ್ಕೆ ಅಂಟಿಕೊಂಡಿವೆ. ಕಿತ್ತರೆ ಹರಿಯುತ್ತವೆ. (ಕುಮಟಾದ ಓದುಗರು)

ಕೀಳುವ ಮೊದಲು ಇಡೀ ಪುಟದ ಚಿತ್ರ ತೆಗೆದಿಡಿ. ಪ್ಲಾಸ್ಟಿಕ್ ಹಾಳೆ ಎಬ್ಬಿಸಿ, ಗಾಳದ ತೆಳ್ಳನೆಯ ನೈಲಾನ್ ದಾರವನ್ನು ಚಿತ್ರದ ಅಡಿಗೆ ತೂರಿಸಿ, ಪುಟಕ್ಕೆ ತಾಗಿಸಿಕೊಂಡು ಎಡಕ್ಕೂ ಬಲಕ್ಕೂ ಎಳೆಯುತ್ತ ಹೋದರೆ ಅಂಟು ಬಿಡುತ್ತದೆ. ನೀರು, ಇಸ್ತ್ರಿಪೆಟ್ಟಿಗೆ ಎರಡೂ ಬೇಡ. ಚೌಕಟ್ಟಿನ ಗಾಜಿಗೇ ಅಂಟಿಕೊಂಡ ಚಿತ್ರವನ್ನು ಎಬ್ಬಿಸಲೇಬೇಡಿ, ಬಣ್ಣದ ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇರಲಿ. 4x6 ಇಂಚಿನ ಚಿತ್ರ ಆಗ 2400x3600 ಪಿಕ್ಸೆಲ್ ಆಗುತ್ತದೆ, 8x12 ಇಂಚಿಗೆ ಹಿಗ್ಗಿಸಿ ಮುದ್ರಿಸಿದರೂ ಒಡೆಯದು. ಸ್ಕ್ಯಾನರ್ ಇಲ್ಲದಿದ್ದರೆ ಮೋಡದ ದಿನ ಜಗಲಿಯ ನೆಲಕ್ಕಿಟ್ಟು, ಮೊಬೈಲನ್ನು ಚಿತ್ರಕ್ಕೆ ಸಮಾಂತರವಾಗಿ ಮೇಲೆ ಹಿಡಿದು 2 ಪಟ್ಟು ಜೂಮಿನಲ್ಲಿ ತೆಗೆಯಿರಿ. ನಿಮ್ಮದೇ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆ ಹೊದ್ದುಕೊಳ್ಳಿ. ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಕುಗ್ಗುತ್ತದೆ. ಯಾರು ಯಾರ ಮಗ, ಯಾವ ಊರು, ಯಾವ ಕಾರ್ಯ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದಲ್ಲಿ ಮೂಡುತ್ತದೆ.