ಷೇಕ್ಸ್‌ಪಿಯರ್ ಕಾಲದ ಯೂರೋಪಿನಲ್ಲಿ ನಟಿಯರು ಇದ್ದರೇ?

ಪ್ರಶ್ನೆ: ನಮ್ಮ ಕಡೆಯ ದೊಡ್ಡಾಟಗಳಲ್ಲಿ ಗಂಡಸರೇ ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದರೆಂದು ಮನೆಯ ಹಿರಿಯರು ಹೇಳುತ್ತಾರೆ. ಷೇಕ್ಸ್‌ಪಿಯರ್ ಕಾಲದ ಇಂಗ್ಲೆಂಡಿನಲ್ಲಿಯೂ ಹಾಗೆಯೇ ಇತ್ತೆಂದು ಓದಿದ್ದೇನೆ. ಇಡೀ ಯೂರೋಪಿನ ರೂಢಿಯೇ ಅದಾಗಿತ್ತೆ? ಚರ್ಚಿನ ಹಿಡಿತ ಬಲವಾಗಿದ್ದ ಸ್ಪೇನ್‌ನಲ್ಲಿ ಕಟ್ಟುಪಾಡು ಇನ್ನೂ ಬಿಗಿಯಾಗಿತ್ತೆ?
– ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಿಮ್ಮ ಊಹೆಗೆ ವಿರುದ್ಧವಾದುದೇ ಅಲ್ಲಿ ನಡೆದಿತ್ತು. ದನಿಯೊಡೆಯದ ಹುಡುಗರಿಂದ ಸ್ತ್ರೀಪಾತ್ರ ಮಾಡಿಸುವುದು ಇಂಗ್ಲೆಂಡಿನ ವೃತ್ತಿರಂಗಭೂಮಿಯ ಪದ್ಧತಿಯಾಗಿತ್ತೇ ಹೊರತು ಎಲ್ಲೆಡೆಯ ನಿಯಮವಾಗಿರಲಿಲ್ಲ. ಷೇಕ್ಸ್‌ಪಿಯರ್ ಹುಟ್ಟಿದ 1564ರಲ್ಲಿಯೇ ರೋಮ್‌ನ ನಾಟಕ ಮಂಡಳಿಯೊಂದರ ಕರಾರುಪತ್ರದಲ್ಲಿ ಸಿಯೆನಾದ ಲುಕ್ರೇಜಿಯಾ ಎಂಬ ನಟಿಯ ಹೆಸರು ಕಾಣಿಸುತ್ತದೆ. ಕೆಲವೇ ದಶಕಗಳಲ್ಲಿ ಇಸಬೆಲ್ಲಾ ಆಂಡ್ರೆಯಿನಿ ಇಟಲಿ ಮತ್ತು ಫ್ರಾನ್ಸ್‌ಗಳಲ್ಲಿ ಮನೆಮಾತಾದಳು. 1588ರಲ್ಲಿ ಆಕೆ ಬರೆದ 'ಮಿರ್ಟಿಲ್ಲಾ' ನಾಟಕ ಅಚ್ಚಾಗಿಯೂ ಬಂದಿತು.

ಸ್ಪೇನ್‌ನ ಕಥೆ ಇನ್ನೂ ಸ್ವಾರಸ್ಯಕರವಾದುದು. ಮ್ಯಾಡ್ರಿಡ್‌ನಲ್ಲಿ ನಾಟಕ ಆಡಿಸುವ ಹಕ್ಕು ಬಡರೋಗಿಗಳ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಧಾರ್ಮಿಕ ಸಂಘಗಳ ಕೈಯಲ್ಲಿತ್ತು. ಮನೆಗಳ ನಡುವಣ ತೆರೆದ ಅಂಗಳಗಳಲ್ಲಿ 1579ರಲ್ಲಿ 'ಕ್ರೂಸ್', 1583ರಲ್ಲಿ 'ಪ್ರಿನ್ಸಿಪೆ' ಎಂಬ ರಂಗಮಂದಿರಗಳು ಎದ್ದವು. ಪ್ರೇಕ್ಷಕರು ಕೊಟ್ಟ ಹಣದ ಒಂದು ಪಾಲು ರೋಗಿಗಳ ಆರೈಕೆಗೆ ಹೋಗುತ್ತಿದ್ದುದರಿಂದ, ನಾಟಕವನ್ನು ಪಾಪವೆಂದು ಬೋಧಿಸುತ್ತಿದ್ದ ಪಾದ್ರಿಗಳಿಗೂ ಅದನ್ನು ಶಾಶ್ವತವಾಗಿ ನಿಲ್ಲಿಸುವುದು ಸುಲಭವಾಗಲಿಲ್ಲ. 1598ರಲ್ಲಿ ದೊರೆ ಎರಡನೆಯ ಫಿಲಿಪ್ ನಾಟಕಗಳನ್ನು ನಿಷೇಧಿಸಿದನಾದರೂ ಮರುವರ್ಷವೇ ರಂಗಮಂದಿರಗಳು ಮತ್ತೆ ತೆರೆದವು. ಧರ್ಮಕ್ಕಿಂತ ಲೆಕ್ಕಪುಸ್ತಕವೇ ಇಲ್ಲಿ ಹೆಚ್ಚು ಮಾತಾಡಿತೆಂದು ನನಗನ್ನಿಸುತ್ತದೆ.

ನಟಿಯರಿಗೆ ಅಲ್ಲಿ 1587ರಲ್ಲಿ ಪರವಾನಗಿ ದೊರೆಯಿತು. ಆದರೆ ಅವರು ವಿವಾಹಿತರಾಗಿರಬೇಕು, ಗಂಡ ಜೊತೆಗಿರಬೇಕು, ಗಂಡುಡುಗೆ ತೊಡಬಾರದು ಎಂಬ ಷರತ್ತುಗಳಿದ್ದವು. ಕೊನೆಯ ಷರತ್ತನ್ನು ಯಾರೂ ಹೆಚ್ಚು ಕಾಲ ಲೆಕ್ಕಿಸಲಿಲ್ಲ. ನಾಯಕಿ ಗಂಡುವೇಷದಲ್ಲಿ ಬಂದರೆ ಜನ ಬಹಳ ಮೆಚ್ಚುತ್ತಾರೆಂದು ಸ್ಪೇನ್‌ನ ನಾಟಕಕಾರ ಲೋಪೆ ದೆ ವೇಗಾ 1609ರ ತನ್ನ ನಾಟಕಕಲೆಯ ಕೃತಿಯಲ್ಲಿ ನೇರವಾಗಿಯೇ ಬರೆದನು. ಕಟ್ಟುಪಾಡು ಬಿಗಿಯಾಗಿದ್ದುದು ಪ್ರೇಕ್ಷಕರ ಕಡೆಯಲ್ಲಿ: ಹೆಂಗಸರಿಗೆ ಬೇರೆಯೇ ಬಾಗಿಲು, ಬೇರೆಯೇ ಅಟ್ಟಣೆ ಇದ್ದವು.

ಲಂಡನ್ ಮಾತ್ರ ಹಟ ಬಿಡಲಿಲ್ಲ. 1629ರಲ್ಲಿ ಫ್ರೆಂಚ್ ಮಂಡಳಿಯೊಂದು ನಟಿಯರೊಡನೆ ಬಂದಾಗ ಪ್ರೇಕ್ಷಕರು ಕೂಗಾಡಿ ಅವಮಾನಿಸಿದರು. 1642ರಲ್ಲಿ ಪಾರ್ಲಿಮೆಂಟು ನಾಟಕಗಳನ್ನೇ ನಿಲ್ಲಿಸಿತು. ಅರಸೊತ್ತಿಗೆ ಮರಳಿದ ಬಳಿಕ, 1660ರ ಡಿಸೆಂಬರ್‌ನಲ್ಲಿ, 'ಒಥೆಲೊ' ನಾಟಕದ ಡೆಸ್ಡಿಮೋನಾ ಪಾತ್ರವನ್ನು ಅಲ್ಲಿ ಮೊದಲ ಬಾರಿಗೆ ನಟಿಯೊಬ್ಬಳು ಅಭಿನಯಿಸಿದಳು. ಆ ವೇಳೆಗೆ ಷೇಕ್ಸ್‌ಪಿಯರ್ ತೀರಿಕೊಂಡು 44 ವರ್ಷಗಳಾಗಿದ್ದವು.